ಬೇಸಿಗೆಯ ಕಾಮಗಾರಿ ಮತ್ತು ಉದ್ಯೋಗದಾತನಾಗಿ ಗ್ರಾಮ ಪಂಚಾಯಿತಿ

(ಮಧುರೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಗ್ರಾಮ ಪಂಚಾಯಿತಿಯು ಆಡಳಿತ ಸಂಸ್ಥೆಯೆಂಬುದು ಸರ್ವವಿದಿತ. ಅದು ಉದ್ಯೋಗದಾತನೂ ಹೌದೆಂಬುದು ಮಾತ್ರ ಮರೆತುಹೋಗುತ್ತದೆ. ನೀರುಗಂಟಿ, ಸ್ವಚ್ಛತಾ ಸಿಬ್ಬಂದಿ, ಉದ್ಯೋಗ ಖಾತರಿಯಡಿ ಹೂಳೆತ್ತುವ, ಬದು ಕಟ್ಟುವ ಕೂಲಿಕಾರರು ಎಲ್ಲರೂ ದುಡಿಯುವುದು ಬಯಲಿನಲ್ಲಿಯೇ.

ಬಯಲು ಪ್ರದೇಶದಲ್ಲಿ ಉಷ್ಣಾಂಶವು 40 ಡಿಗ್ರಿ ಮುಟ್ಟದೆ ಹವಾಮಾನ ಇಲಾಖೆಯು ಸಾಮಾನ್ಯವಾಗಿ ಬಿಸಿಗಾಳಿಯೆಂದು ಘೋಷಿಸುವುದಿಲ್ಲ. ನೆರೆಯ ಬೆಂಗಳೂರು ನಗರದಲ್ಲಿ 2016ರ ಏಪ್ರಿಲ್‌ನಲ್ಲಿ ದಾಖಲಾದ ಗರಿಷ್ಠವೇ 39.2 ಡಿಗ್ರಿ. ಕಲಬುರಗಿ ವಿಭಾಗದಲ್ಲಿ ಏಪ್ರಿಲ್, ಮೇ ತಿಂಗಳುಗಳಲ್ಲಿ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುತ್ತವೆ, ಇಲ್ಲಿ ಅಂತಹ ಆದೇಶವಿಲ್ಲ. ಆದ್ದರಿಂದ ಇಲ್ಲಿ ಅಪಾಯವೂ ಇಲ್ಲವೆಂಬ ಭಾವನೆ ಬೆಳೆದಿದೆ. ಅದು ತಪ್ಪು. ಇಲಾಖೆಯ ಅಂಕಿ ನೆರಳಿನ ಪೆಟ್ಟಿಗೆಯಲ್ಲಿಟ್ಟ ಮಾಪಕದ್ದು. ಗುದ್ದಲಿ ಹಿಡಿದವರು ನೆರಳಿನಲ್ಲಿಲ್ಲ. ಸ್ನಾಯುಗಳು ವ್ಯಯಿಸುವ ಶಕ್ತಿಯಲ್ಲಿ ಸುಮಾರು ಮುಕ್ಕಾಲು ಪಾಲು ಶಾಖವಾಗಿ ಮೈಯೊಳಗೇ ಹುಟ್ಟುತ್ತದೆ. 34 ಡಿಗ್ರಿಯ ದಿನವೂ ಮಣ್ಣು ಹೊರುವವರಿಗೆ ಅಪಾಯಕಾರಿಯಾಗಬಲ್ಲದು.

ಕಾಮಗಾರಿ ಸ್ಥಳದಲ್ಲಿ ಕುಡಿಯುವ ನೀರು, ನೆರಳು, ಪ್ರಥಮ ಚಿಕಿತ್ಸಾ ಪೆಟ್ಟಿಗೆ ಇರಬೇಕೆಂದು 2005ರ ಅಧಿನಿಯಮದ ಅನುಸೂಚಿಯೇ ಹೇಳಿತ್ತು. ನೀರಿನ ಲೆಕ್ಕ ಸರಳ: ಗಂಟೆಗೆ ಒಬ್ಬರಿಗೆ ಮುಕ್ಕಾಲು ಲೀಟರಿನಂತೆ 30 ಮಂದಿಗೆ ನಾಲ್ಕು ಗಂಟೆಗೆ 90 ಲೀಟರ್, ಅಂದರೆ 20 ಲೀಟರಿನ ಐದು ಕ್ಯಾನ್. ಒಂದು ಕ್ಯಾನ್ ಇರಿಸಿ ಛಾಯಾಚಿತ್ರ ತೆಗೆದರೆ ಕಡತ ತುಂಬೀತು, ಬಾಯಾರಿಕೆ ತೀರದು. ರಾಮನವಮಿಯಂದು ಬೀದಿ ಬೀದಿಯಲ್ಲಿ ಹಂಚುವ ಪಾನಕ, ಮಜ್ಜಿಗೆ ಮರುದಿನ ಕೆರೆಯಂಗಳಕ್ಕೂ ಹೋದರೆ ಯಾರೂ ಆಕ್ಷೇಪಿಸಲಾರರು.

ನೀರಿದ್ದರೂ ಕುಡಿಯದವರಿದ್ದಾರೆ. ಬಯಲಿನಲ್ಲಿ ಮರೆಯಿಲ್ಲದ ಕಾರಣ ಅನೇಕ ಮಹಿಳೆಯರು ಮನೆಗೆ ಮರಳುವವರೆಗೂ ಬಾಯಿಗೆ ಹನಿ ನೀರು ಹಾಕುವುದಿಲ್ಲ. ಇದನ್ನು ಯಾವ ಸಭೆಯಲ್ಲಿಯೂ ಅವರು ಹೇಳುವುದಿಲ್ಲ. ಮೂತ್ರದ ಸೋಂಕು ಹಿಡಿದು ಆಸ್ಪತ್ರೆಗೆ ಹೋದಾಗಷ್ಟೇ ತಿಳಿಯುತ್ತದೆ. ನಾಲ್ಕು ಗಳ, ಒಂದು ಟಾರ್ಪಾಲಿನ ಮರೆಗೆ ತಗಲುವ ವೆಚ್ಚ ಅತ್ಯಲ್ಪ. ಅದಿಲ್ಲದೆ ಐದು ಕ್ಯಾನ್ ನೀರು ಇರಿಸಿಯೂ ಪ್ರಯೋಜನವಿಲ್ಲ.

ಇನ್ನು ವಿಶ್ರಾಂತಿ. 2025ರ ಏಪ್ರಿಲ್ 1ರಿಂದ ದಿನಗೂಲಿ ರೂ. 370 ಆಗಿತ್ತು, ಆದರೂ ಕೂಲಿ ದೊರೆಯುವುದು ಅಳತೆಯ ಮೇಲೆ. ಕುಳಿತರೆ ಗುಂಪಿನ ಅಳತೆ ತಗ್ಗುತ್ತದೆಂಬ ಸಂಕೋಚದಿಂದ ತಲೆ ಸುತ್ತಿದವರೂ ಎದ್ದು ನಿಲ್ಲುತ್ತಾರೆ. ವೇಳೆಯನ್ನೇ ಹಿಂದಕ್ಕೆ ತರುವುದು ಇದಕ್ಕೆ ಪರಿಹಾರ. ಹಾಜರಾತಿ ಆ್ಯಪ್‌ನಲ್ಲಿ ಎರಡನೆಯ ಛಾಯಾಚಿತ್ರವನ್ನು ಮೊದಲನೆಯದಾದ ನಾಲ್ಕು ಗಂಟೆಗಳ ನಂತರ ತೆಗೆಯಬಹುದು, 6.30ಕ್ಕೆ ಆರಂಭಿಸಿದರೆ 10.30ಕ್ಕೆ ಅದು ಮುಗಿಯುತ್ತದೆ. ಹೊಸಬರು ಹಾಗೂ ಬಹುದಿನಗಳ ಬಳಿಕ ಬಂದವರ ಮೈ ಬಿಸಿಲಿಗೆ ಹೊಂದಿಕೊಳ್ಳಲು ಒಂದೆರಡು ವಾರ ಬೇಕು. ಮೊದಲ ದಿನಗಳಲ್ಲಿ ಅವರಿಗೆ ಹಗುರ ಕೆಲಸ ವಹಿಸತಕ್ಕದ್ದು.

ಮಾತು ತೊದಲಿದರೆ, ದಿಕ್ಕು ತಪ್ಪಿದಂತೆ ವರ್ತಿಸಿದರೆ ಅದು ಬರಿಯ ಆಯಾಸವಲ್ಲ, ಉಷ್ಣಾಘಾತ. ಬೆವರುತ್ತಿದ್ದರೂ ನಂಬುವಂತಿಲ್ಲ. ತಕ್ಷಣ ನೆರಳಿಗೆ ಒಯ್ದು, ಮೈಮೇಲೆ ನೀರು ಸುರಿದು, ಗಾಳಿ ಬೀಸುತ್ತಲೇ 108ಕ್ಕೆ ಕರೆ ಮಾಡಬೇಕು. ಪ್ರಜ್ಞೆಯಿಲ್ಲದವರ ಬಾಯಿಗೆ ನೀರು ಹಾಕಬಾರದು. ಕೆಲಸ ನಿಲ್ಲಿಸಲು ಕಾಯಕ ಬಂಧು ಕಚೇರಿಯ ಅನುಮತಿಗಾಗಿ ಕಾಯಬೇಕಾಗಿಲ್ಲವೆಂದು ಪಂಚಾಯಿತಿಯು ಮೊದಲೇ ನಿರ್ಣಯಿಸುವುದು ಸೂಕ್ತ.

ದೊಡ್ಡಬಳ್ಳಾಪುರ ತಾಲ್ಲೂಕಿನ ವಿದ್ಯುತ್ ಮಗ್ಗಗಳ ಮಾಲೀಕರಿಗೂ ಒಂದು ಮಾತು: ಶೀಟಿನ ಸೂರಿನ ಮೇಲೆ ಮಾರ್ಚ್ ತಿಂಗಳಲ್ಲಿಯೇ ಬಿಳಿ ಸುಣ್ಣ ಬಳಿಸಿದರೆ ಒಳಗಿನ ಕಾವು ತಗ್ಗುತ್ತದೆ. ಮಳೆಗೆ ಅದು ತೊಳೆದುಹೋಗುವುದರಿಂದ ಪ್ರತಿ ವರ್ಷವೂ ಬಳಿಸಬೇಕಾಗುತ್ತದೆ.