ಚೀಲ ತುಂಬಿದರೆ ಸಾಲದು

(ಗಿರಣಿ ಕಾರ್ಮಿಕರು ಮತ್ತು ಚಿಲ್ಲರೆ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)



ಹಸಿವಿನ ಮಾತೆತ್ತಿದಾಗಲೆಲ್ಲ ಸರ್ಕಾರದವರು ಅಕ್ಕಿಯ ಲೆಕ್ಕ ಹೇಳುತ್ತಾರೆ. ಆ ಲೆಕ್ಕ ಸುಳ್ಳಲ್ಲ. 2013ರ ಆಹಾರ ಭದ್ರತಾ ಕಾಯಿದೆಯಂತೆ ಆದ್ಯತಾ ಕುಟುಂಬದ ಪ್ರತಿಯೊಬ್ಬರಿಗೂ ತಿಂಗಳಿಗೆ 5 ಕಿಲೋ ಧಾನ್ಯ ಹಕ್ಕಿನಿಂದ ಬರಬೇಕು. ಅದೇ ವರ್ಷ ನಮ್ಮ ರಾಜ್ಯದಲ್ಲಿ ಅನ್ನಭಾಗ್ಯವೂ ಬಂತು. ಇದರಿಂದ ಒಲೆ ಹೊತ್ತಿದ ಮನೆಗಳು ಎಷ್ಟೋ. ಇದನ್ನು ಹಗುರವಾಗಿ ಕಾಣುವವರು ಒಂದು ಹೊತ್ತಾದರೂ ಉಪವಾಸ ಬಿದ್ದವರಲ್ಲ.

ಆದರೆ ನಾವು ಕೇಳುವ ಪ್ರಶ್ನೆ ಬೇರೆ. ಹೊಟ್ಟೆ ತುಂಬಿತು, ಸರಿ. ಮೈಗೆ ಏನು ಹತ್ತಿತು? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ನೂರು ಹೆಂಗಸರಲ್ಲಿ ಸುಮಾರು 48 ಮಂದಿಗೆ ರಕ್ತಹೀನತೆ. ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಇದಕ್ಕೆ ಕೊಳಕು ನೀರು, ರೋಗರುಜಿನ ಮೊದಲಾದ ಕಾರಣಗಳೂ ಉಂಟು. ಆದರೆ ತಟ್ಟೆಯಲ್ಲಿ ಬರಿಯ ಅನ್ನವಿರುವುದು ದೊಡ್ಡ ಕಾರಣ.

ನಮ್ಮ ಹಿರಿಯರು ದಕ್ಷಿಣದಲ್ಲಿ ರಾಗಿಮುದ್ದೆ, ಉತ್ತರದಲ್ಲಿ ಜೋಳದ ರೊಟ್ಟಿ ತಿಂದು ದುಡಿದವರು. ನೂರು ಗ್ರಾಂ ರಾಗಿಯಲ್ಲಿ ಸುಣ್ಣದ ಸತ್ವ 300 ಮಿಲಿಗ್ರಾಂಗೂ ಹೆಚ್ಚು. ಪಾಲಿಷ್ ಅಕ್ಕಿಯಲ್ಲಿ ಹತ್ತರ ಆಸುಪಾಸು. ಮಿಲ್ಲಿನಲ್ಲಿ ಅಕ್ಕಿಗೆ ಪಾಲಿಷ್ ಕೊಟ್ಟಾಗ ತೌಡಿನೊಡನೆ ಸತ್ವವೂ ಹೋಗುತ್ತದೆ. ತೌಡು ದನಕ್ಕೆ, ಬಿಳುಪು ನಮಗೆ!

ಪಡಿತರದ ಅಕ್ಕಿಯನ್ನು ಮಾರಿಕೊಳ್ಳುತ್ತಾರೆಂದು ಬಡವರನ್ನು ಹಳಿಯುವವರಿದ್ದಾರೆ. ಮಾರುವುದು ಕಾನೂನಿಗೆ ವಿರೋಧ; ನಾವು ಅದನ್ನು ಸಮರ್ಥಿಸುವುದಿಲ್ಲ. ಆದರೆ ಒಬ್ಬ ತಾಯಿ ಅಕ್ಕಿ ಕೊಟ್ಟು ಬೇಳೆ ತಂದರೆ ಅವಳು ಹೇಳುತ್ತಿರುವುದೇನು? ಬರಿಯ ಅನ್ನವನ್ನು ಮಕ್ಕಳಿಗೆ ಹೇಗೆ ಬಡಿಸಲಿ ಎಂದು. 2025ರ ಅಕ್ಟೋಬರಿನಲ್ಲಿ ರಾಜ್ಯ ಸಚಿವ ಸಂಪುಟ, ಹೆಚ್ಚುವರಿ ಅಕ್ಕಿಯ ಬದಲು ಬೇಳೆ, ಎಣ್ಣೆ, ಸಕ್ಕರೆ, ಉಪ್ಪು ಕೊಡಲು ತೀರ್ಮಾನಿಸಿತು. ಆ ತಾಯಿಯ ಮಾತನ್ನು ಒಪ್ಪಿದಂತಾಯಿತು. ಆದರೆ ತೀರ್ಮಾನದಿಂದ ಸಾರು ಕುದಿಯುವುದಿಲ್ಲ. ಬೇಳೆ ಮನೆಗೆ ಬರಬೇಕು.

ವರ್ತಕ ಬಂಧುಗಳಿಗೆ ಒಂದು ಮಾತು. ತಿಂಗಳ ಕೊನೆಯ ವಾರ ಕೂಲಿಕಾರನ ಮನೆಗೆ ಉದ್ದರಿ ಕೊಡುವವರು ನೀವೇ. ಪಡಿತರದಲ್ಲಿ ಬೇಳೆ ಬಂದರೆ ವ್ಯಾಪಾರ ಕೆಡುವುದೆಂದು ಅಂಜಬೇಡಿ. ಬೇಳೆಯಲ್ಲಿ ಉಳಿದ ದುಡ್ಡು ಬ್ಯಾಂಕಿಗೆ ಹೋಗುವುದಿಲ್ಲ. ಸೊಪ್ಪು, ಮೊಟ್ಟೆ, ಶೇಂಗಾಕ್ಕೆಂದು ಇದೇ ಪೇಟೆಗೆ ಬರುತ್ತದೆ. ನಿಮ್ಮ ಬಾಕಿಯೂ ಬೇಗ ತೀರುತ್ತದೆ.

ನಮ್ಮ ಬೇಡಿಕೆಗಳು ಮೂರು. ಒಂದು, ಸುಗ್ಗಿಯಾದ ಕೂಡಲೇ ರಾಗಿ, ಜೋಳವನ್ನು ತಾಲ್ಲೂಕಿನಲ್ಲಿಯೇ ಬೆಂಬಲ ಬೆಲೆಗೆ ಕೊಂಡು, ರೈತನಿಗೆ ತಡಮಾಡದೆ ಹಣ ಕೊಟ್ಟು, ಹನ್ನೆರಡು ತಿಂಗಳೂ ಪಡಿತರದಲ್ಲಿ ಹಂಚಬೇಕು. ಎರಡು, ಪ್ರತಿ ತಿಂಗಳೂ ತಪ್ಪದೆ ಬೇಳೆ ಕೊಡಬೇಕು. ಮೂರು, 2017ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿ ತೆರೆದ ಇಂದಿರಾ ಕ್ಯಾಂಟೀನಿನಲ್ಲಿ 5 ರೂಪಾಯಿಗೆ ತಿಂಡಿ, 10 ರೂಪಾಯಿಗೆ ಊಟ ಕೊಟ್ಟರಲ್ಲವೇ? ಅಂಥದು ಗಿರಣಿಯ ಬಾಗಿಲಿನಲ್ಲಿ, ಪಾಳಿ ಬಿಡುವ ಹೊತ್ತಿಗೆ ತೆರೆದಿರಬೇಕು.

ಬೇಡಿಕೆ ಬರೆದು ಕೈಕಟ್ಟಿ ಕುಳಿತರೆ ಫಲವಿಲ್ಲ. ನ್ಯಾಯಬೆಲೆ ಅಂಗಡಿಯ ಮಟ್ಟದಲ್ಲಿಯೂ ಜಾಗೃತಿ ಸಮಿತಿ ಇರಬೇಕೆಂದು ಕಾಯಿದೆಯೇ ಹೇಳಿದೆ. ಅದರಲ್ಲಿ ಹೆಂಗಸರಿಗೂ ದಲಿತರಿಗೂ ಸ್ಥಾನವಿದೆ. ನಿಮ್ಮ ಬೀದಿಯ ಅಂಗಡಿಗೆ ಸಮಿತಿ ಇದೆಯೇ ಎಂದು ನಾಳೆಯೇ ವಿಚಾರಿಸಿರಿ. ಇಲ್ಲದಿದ್ದರೆ ತಹಶೀಲ್ದಾರರಿಗೆ ಅರ್ಜಿ ಕೊಡೋಣ. ಇದ್ದರೆ, ಅಡಿಗೆ ಮಾಡುವ ತಾಯಂದಿರೇ ಅಲ್ಲಿ ಕುಳಿತು ತೂಕ ನೋಡಲಿ, ಕಾಳು ನೋಡಲಿ.