ನಷ್ಟದ ಕುದುರೆ, ನಷ್ಟದ ಹಸು
(ಸಂಘದ ರಜತ ಮಹೋತ್ಸವ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ನಾವು ಲೆಕ್ಕ ಬರೆಯುವ ಕಸುಬಿನವರು. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಎಲ್ಲಿ ಹೋದರೂ ಪ್ರಶ್ನೆ ಒಂದೇ: "ಸ್ವಾಮಿ, ಸಾಲ ಮಾಡಿ ಹತ್ತು ಹಸು ಕಟ್ಟಿದೆ, ಮೂರು ವರ್ಷದಿಂದ ಕೈ ಸುಟ್ಟುಕೊಂಡಿದ್ದೀನಿ. ಲಾಭವೇ ಇಲ್ಲದ್ದನ್ನ ತೆರಿಗೆಯವರು ವ್ಯಾಪಾರ ಅಂತಾರಾ?"

ಕುದುರೆಯಿಂದ ಉತ್ತರ ಹೇಳ್ತೇವೆ, ನಗಬೇಡಿ. ಕುಣಿಗಲ್ ಕುದುರೆ ಫಾರಂ ಹೆಸರು ಕೇಳಿದ್ದೀರಿ. ಟಿಪ್ಪು ಕಾಲದಿಂದ ಹೆಸರಾದದ್ದು. 1992ರಲ್ಲಿ ಸರ್ಕಾರ ಖಾಸಗಿಯವರಿಗೆ ಗುತ್ತಿಗೆ ಕೊಟ್ಟಿತು. ಕುದುರೆ ಗಬ್ಬ 11 ತಿಂಗಳು, ಮರಿ ಪಂದ್ಯಕ್ಕೆ ಇಳಿಯಲು ಮತ್ತೆ ಎರಡು ವರ್ಷ. ಅಲ್ಲಿವರೆಗೆ ಹುರುಳಿ, ಹುಲ್ಲು, ಲಾಯದವರ ಸಂಬಳ, ಬರೀ ಖರ್ಚು. ಹಾಗಂತ ಮರಿ ಮಾಡಿಸಿ ಮಾರುವುದು ವ್ಯಾಪಾರ ಅಲ್ಲ ಅನ್ನಲಾಗದು. ಲಾಭದ ಉದ್ದೇಶ ಇದೆಯೇ, ಬಿಡದೆ ನಡೆಸಿದ್ದಾರೆಯೇ, ಲೆಕ್ಕ ಇಟ್ಟಿದ್ದಾರೆಯೇ ಎಂದು ನೋಡುತ್ತಾರೆ. ಷೋಕಿಗೆ ಕಟ್ಟಿದ ಕುದುರೆಯ ಖರ್ಚು ಮಾತ್ರ ಮನೆ ಖರ್ಚು.

ಪಂದ್ಯಕ್ಕೆ ಓಡಿಸುವ ಕುದುರೆಗೆ ಬೇರೆ ಕಟ್ಟುಪಾಡು. ಆದಾಯ ತೆರಿಗೆ ಕಾಯ್ದೆಯಂತೆ ಆ ನಷ್ಟವನ್ನು ಅದೇ ಬಾಬಿನ ಆದಾಯದಲ್ಲೇ ಕಳೆಯಬೇಕು, ಮುಂದಕ್ಕೆ ಒಯ್ಯಲು 4 ವರ್ಷ ಮಾತ್ರ. ಇಲ್ಲದಿದ್ದರೆ ಸಾಹುಕಾರರು ಗಿರಣಿಯ ಲಾಭವನ್ನೆಲ್ಲ ಕುದುರೆಗೆ ತಿನ್ನಿಸಿಬಿಡುತ್ತಿದ್ದರು! ಸಾಮಾನ್ಯ ವ್ಯಾಪಾರದ ನಷ್ಟಕ್ಕೆ 8 ವರ್ಷ.

ನಮ್ಮ ಹಸು ಈ ಸಾಮಾನ್ಯ ಸಾಲಿಗೆ ಸೇರಿದ್ದು. ಇಲ್ಲೇ ನಮ್ಮವರು ಎಡವುವುದು. ರಾಗಿ, ಮಾವು ಕೃಷಿ ಆದಾಯ, ತೆರಿಗೆ ಇಲ್ಲ. ಹಾಲೂ ಹಾಗೇ ಅಂದುಕೊಳ್ಳುತ್ತಾರೆ. ಸ್ವಂತ ಹೊಲದ ಮೇವು ಹಾಕಿದರೂ ಹಾಲು ಬೆಳೆಯಲ್ಲ. ಹಿಪ್ಪುನೇರಳೆ ಸೊಪ್ಪು ಬೆಳೆ, ರೇಷ್ಮೆಗೂಡು ಬೆಳೆಯಲ್ಲ ಎಂದು ಸುಪ್ರೀಂ ಕೋರ್ಟೇ ಹೇಳಿದೆ. ಎರಡು ಹಸುವಿನವರು ಹೆದರಬೇಡಿ. ಒಟ್ಟು ಆದಾಯ ಮಿತಿಯೊಳಗಿದ್ದರೆ ತೆರಿಗೆಯೇ ಇಲ್ಲ. ಆದರೆ ಡೈರಿ ಜೊತೆ ಅಂಗಡಿಯನ್ನೂ ಇಟ್ಟವರು ಡೈರಿ ನಷ್ಟವನ್ನು ಅಂಗಡಿ ಲಾಭದಲ್ಲಿ ಕಳೆಯಬಹುದು. ಸಂಬಳದಲ್ಲಿ ಕಳೆಯುವಂತಿಲ್ಲ.

ಹಸು ಸತ್ತರೆ? ಕೊಂಡ ಬೆಲೆಯಲ್ಲಿ, ಸತ್ತ ಹಸುವಿನಿಂದ ಏನಾದರೂ ಬಂದಿದ್ದರೆ ಅದನ್ನು ಕಳೆದು, ಉಳಿದದ್ದನ್ನು ಖರ್ಚು ಹಾಕಲು ಕಾಯ್ದೆಯೇ ಬಿಟ್ಟಿದೆ. ನಮ್ಮ ಬಳಿ ಬಂದ ಒಬ್ಬ ರೈತರ ಎರಡು ಸೀಮೆಹಸು ಒಂದೇ ತಿಂಗಳಲ್ಲಿ ಹೋದವು. ಸಂತೆಯಲ್ಲಿ ಬಾಯಿಮಾತಿನ ಮೇಲೆ ಕೊಂಡಿದ್ದರು, ಚೀಟಿ ಇಲ್ಲ. ಕಣ್ಣೀರು ಕಂಡೆವು, ಲೆಕ್ಕದಲ್ಲಿ ಒಂದು ರೂಪಾಯಿ ಬರೆಯಲಾಗಲಿಲ್ಲ.

ಆದ್ದರಿಂದ ಸಂಘದ ಬಟವಾಡೆ ಚೀಟಿ, ಹಿಂಡಿ-ಬೂಸಾ ರಸೀದಿ, ಬ್ಯಾಂಕಿನ ಬಡ್ಡಿ ಲೆಕ್ಕ, ಹಸು ಕೊಂಡ ಪತ್ರ ಒಂದು ಚೀಲದಲ್ಲಿ ಇಡಿ. ನಷ್ಟವಾದ ವರ್ಷವೂ ಗಡುವಿನೊಳಗೆ ರಿಟರ್ನ್ ಹಾಕಿ. ತಡವಾದರೆ ಆ ನಷ್ಟ ಮುಂದಕ್ಕೆ ಬರುವುದಿಲ್ಲ. ಚೀಲ ತಂದವರು ಊಟವಾದ ಮೇಲೆ ಕಾರ್ಯದರ್ಶಿಗಳ ಕೊಠಡಿಗೆ ಬನ್ನಿ, ಸಂಜೆಯವರೆಗೂ ಇರುತ್ತೇವೆ.