ಈರುಳ್ಳಿ ಸಿಪ್ಪೆಯ ಚಿಗುರು

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ. ಭಾಷಣಕಾರರು ಬಿ.ಇ. ಪದವೀಧರರು, 2004ರ ಎಸ್ಸೆಸ್ಸೆಲ್ಸಿ ತಂಡದವರು, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್.)



ಕಂಪ್ಯೂಟರ್ ಕ್ಷೇತ್ರದ ಅವಕಾಶಗಳ ಬಗ್ಗೆ ಮಾತನಾಡಬೇಕೆಂದು ನನ್ನನ್ನು ಕರೆದಿದ್ದರು. ಮುಖ್ಯೋಪಾಧ್ಯಾಯರ ಕ್ಷಮೆ ಕೋರಿ ವಿಷಯ ಬದಲಿಸುತ್ತಿದ್ದೇನೆ. ನನ್ನ ಹಿಂದೆ ಗೋಡೆಗೆ ಒರಗಿಸಿರುವ, ಆರಡಿ ಉದ್ದ ನಾಲ್ಕಡಿ ಎತ್ತರದ ಈ ಚಿತ್ರದ ಬಗ್ಗೆ ಹೇಳುತ್ತೇನೆ. ಇದನ್ನು ಒಂಬತ್ತನೆಯ ತರಗತಿಯ ಮಕ್ಕಳೂ ನಾನೂ ಸೇರಿ ಮೂರು ದಿನದಲ್ಲಿ ಮಾಡಿದೆವು. ಹೆಸರು 'ಚೈತ್ರ'. ಇದಕ್ಕೆಂದು ಒಂದು ಡಬ್ಬಿ ಬಣ್ಣವನ್ನೂ ಕೊಂಡಿಲ್ಲ.

ಇಂಥ ಚಿತ್ರಕ್ಕೆ ಕೊಲಾಜ್ ಎನ್ನುತ್ತಾರೆ. ಅಂಟಿಸುವುದು ಎಂಬರ್ಥದ ಫ್ರೆಂಚ್ ಮಾತು ಅದು. 1912ರಲ್ಲಿ ಪಿಕಾಸೊ ಬೆತ್ತದ ಹೆಣಿಗೆಯ ಚಿತ್ರ ಅಚ್ಚಾಗಿದ್ದ ಒಂದು ಎಣ್ಣೆಬಟ್ಟೆಯ ತುಂಡನ್ನು ಕ್ಯಾನ್ವಾಸಿಗೆ ಅಂಟಿಸಿ, ಸುತ್ತ ಹಗ್ಗ ಕಟ್ಟಿದ. ಅದು ದೊಡ್ಡ ಸುದ್ದಿಯಾಯಿತು. ನನ್ನ ಅಜ್ಜಿ ಹಳೆಯ ಸೀರೆ, ಪಂಚೆ, ಅಂಗಿಯ ತುಂಡುಗಳನ್ನೆಲ್ಲ ಕೂಡಿಸಿ ಕೌದಿ ಹೊಲಿಯುತ್ತಿದ್ದಳು. ಅದು ಸುದ್ದಿಯಾಗಲಿಲ್ಲ, ಚಳಿಗಾಲದಲ್ಲಿ ನಾವು ಹೊದ್ದುಕೊಂಡೆವು, ಅಷ್ಟೆ.

ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ ವಾರ್ಷಿಕೋತ್ಸವಕ್ಕೆ 'ವಸಂತ' ಎಂಬ ವಿಷಯದ ಮೇಲೆ ಕರಕುಶಲ ಸ್ಪರ್ಧೆ ಇತ್ತು. ನಮ್ಮದು ಅಂಗಡಿ ಮನೆ. ಅಪ್ಪ ಶಿವಮೊಗ್ಗದಿಂದ ಥರ್ಮೋಕೋಲ್, ಮಿಂಚುಪುಡಿ, ಪ್ಲಾಸ್ಟಿಕ್ ಹೂವು ತಂದುಕೊಟ್ಟರು. ನನಗೆ ಮೊದಲ ಬಹುಮಾನ ಬಂತು. ನನ್ನ ತರಗತಿಯ ಒಬ್ಬ ಹುಡುಗಿ ಹಳೆಯ ಕ್ಯಾಲೆಂಡರಿನ ಹಿಂಬದಿಗೆ ಬಟ್ಟೆ ಚೂರು, ಈರುಳ್ಳಿ ಸಿಪ್ಪೆ, ಪೆನ್ಸಿಲ್ ಹೆರೆದ ಸುರುಳಿಗಳನ್ನು ಅಂಟಿಸಿ ಒಂದು ಮಾವಿನ ಮರ ಮಾಡಿಕೊಂಡು ಬಂದಿದ್ದಳು. ಕಾರ್ಡ್‌ಶೀಟ್ ಕೊಳ್ಳಲು ದುಡ್ಡಿರಲಿಲ್ಲ ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೂ ಎಲ್ಲರ ಎದುರಿಗೆ, "ಇದೇನು, ಕಸದ ಬುಟ್ಟಿ ಮಗುಚಿಕೊಂಡು ಬಂದಿದ್ದೀಯಾ?" ಎಂದೆ. ಎಲ್ಲರೂ ನಕ್ಕರು. ನಾನು ಚೆನ್ನಾಗಿ ಮಾತಾಡುತ್ತೇನೆಂದು ಆಗ ಬಹಳ ಹೆಮ್ಮೆ.

ಅವಳು ಎಸ್ಸೆಸ್ಸೆಲ್ಸಿಗೆ ಓದು ನಿಲ್ಲಿಸಿದಳು. ಈಗ ಇದೇ ಊರಿನಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಾಳೆ. ಹೆಸರು ಹೇಳಬೇಡ ಎಂದಿದ್ದಾಳೆ, ಹೇಳುವುದಿಲ್ಲ.

ಈ ಕೆಲಸಕ್ಕೆ ಬಟ್ಟೆ ಚೂರು ಬೇಕಿತ್ತು. ಬೇರೆ ಟೈಲರುಗಳೂ ಇದ್ದಾರೆ. ಆದರೂ ಅವಳ ಅಂಗಡಿಗೇ ಹೋದೆ. ಹಳೆಯ ಮಾತು ಎತ್ತಿದೆ. ಮರೆತಿರಬಹುದು ಎಂದುಕೊಂಡಿದ್ದೆ. "ನೆನಪಿದೆ ಮಾರಾಯ. ಅವತ್ತು ಮನೆಗೆ ಹೋಗಿ ಅದನ್ನ ಬಚ್ಚಲ ಒಲೆಗೆ ಹಾಕಿದ್ದೆ," ಎಂದಳು, ಕತ್ತರಿ ನಿಲ್ಲಿಸದೆ. ತಪ್ಪಾಯಿತು ಎಂದೆ. "ಆ ಚೀಲ ತಗೊಂಡು ಹೋಗು. ಗಿರಾಕಿ ಕಾಯ್ತಾ ಇದ್ದಾರೆ," ಎಂದಳು. ಒಂದು ಗೋಣಿಚೀಲದ ತುಂಬ ರವಿಕೆಯ ಚೂರುಗಳು. ದುಡ್ಡು ತೆಗೆದುಕೊಳ್ಳಲಿಲ್ಲ.

ಇನ್ನು ಕೆಲಸದ ವಿಷಯ. ಫ್ರಿಜ್ ಬಂದಿದ್ದ ಪೆಟ್ಟಿಗೆಯ ರಟ್ಟನ್ನು ಎರಡು ಪದರ ಸೇರಿಸಿ ಹಲಗೆ ಮಾಡಿಕೊಂಡೆವು. ಮೇಲೆ ಹಳೆಯ ಪತ್ರಿಕೆ ಅಂಟಿಸಿ ಒಣಗಲು ಬಿಟ್ಟೆವು. ಬೆಳಿಗ್ಗೆ ಬಂದು ನೋಡಿದರೆ ಹಲಗೆ ದೋಣಿಯ ಹಾಗೆ ಬಾಗಿತ್ತು! ಹಸಿ ಕಾಗದ ಹಿಗ್ಗಿರುತ್ತದೆ, ಒಣಗುವಾಗ ಕುಗ್ಗಿ ರಟ್ಟನ್ನು ತನ್ನ ಕಡೆ ಎಳೆಯುತ್ತದೆ. ಹಿಂಬದಿಗೂ ಅಷ್ಟೇ ಕಾಗದ ಅಂಟಿಸಿ, ಮೇಲೆ ಬೆಂಚು ಹೇರಿದೆವು, ಸಂಜೆಗೆ ನೆಟ್ಟಗಾಯಿತು. ನಾಲ್ಕು ವರ್ಷ ಬಿ.ಇ. ಓದಿದವನಿಗೆ ಇದು ಮೊದಲೇ ಹೊಳೆಯಬೇಕಿತ್ತು.

ಅಂಟು ಮೈದಾ ಹಿಟ್ಟಿನದು. ಬರೀ ಮೈದಾ ಆದರೆ ಜಿರಲೆ, ಹುಳ ಬಿಡುವುದಿಲ್ಲ. ಪುಸ್ತಕಕ್ಕೆ ರಟ್ಟು ಕಟ್ಟುವವರು ಅದಕ್ಕೆ ಚಿಟಿಕೆ ಮೈಲುತುತ್ತ ಹಾಕುತ್ತಾರೆ. ಅಡಿಕೆಗೆ ಹೊಡೆಯುವ ಬೋರ್ಡೊ ದ್ರಾವಣದಲ್ಲಿರುವುದೂ ಅದೇ, ಹಾಗಾಗಿ ನಮ್ಮೂರಲ್ಲಿ ಹುಡುಕಬೇಕಾಗಲಿಲ್ಲ. ಅದು ವಿಷ, ಮಕ್ಕಳ ಕೈಗೆ ಕೊಡದೆ, ಹಿನ್ನೆಲೆಯ ಕಾಗದಗಳನ್ನು ಕೈಚೀಲ ಹಾಕಿಕೊಂಡು ನಾನೊಬ್ಬನೇ ಅಂಟಿಸಿದೆ. ಮಕ್ಕಳು ಮುಂದಿನದನ್ನೆಲ್ಲ ಫೆವಿಕಾಲಿನಲ್ಲಿ ಮಾಡಿದರು.

ಎಲ್ಲವನ್ನೂ ಮೊದಲು ಅಂಟಿಲ್ಲದೆ ಜೋಡಿಸಿ, ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡು, ಆಮೇಲೆ ಹಿಂದಿನದರಿಂದ ಮುಂದಕ್ಕೆ ಅಂಟಿಸುತ್ತಾ ಬಂದೆವು. ಆಕಾಶ ಲಗ್ನಪತ್ರಿಕೆಗಳ ಒಳಬದಿ. ಮರದ ತೊಗಟೆ ಮೊಟ್ಟೆ ಟ್ರೇ ನೆನೆಸಿ ಹಿಸುಕಿದ್ದು. ನೆಲ ಗೋಣಿತಾಟು. ಮುತ್ತುಗದ ಮರಕ್ಕೆ ಎಲೆ ಬೇಡವೇ ಎಂದು ನಾನು ಕೇಳಿದೆ. ಮುತ್ತುಗ ಹೂ ಬಿಡುವಾಗ ಎಲೆ ಉದುರಿಸಿಕೊಂಡಿರುತ್ತದೆ ಸಾರ್ ಎಂದು ಒಬ್ಬ ಹುಡುಗ ತಿದ್ದಿದ. ಬೆಂಗಳೂರಿಗೆ ಹೋಗಿ ಇಷ್ಟು ವರ್ಷವಾಯಿತು, ಮರೆತಿದ್ದೆ.

ಕೋಗಿಲೆಯನ್ನು ನೋಡಿ. ನಮ್ಮ ಮನೆಯ ಕೆಟ್ಟುಹೋದ ಕೀಬೋರ್ಡಿನ ಕರಿ ಗುಂಡಿಗಳನ್ನೆಲ್ಲ ಕಿತ್ತು ಮಾಡಿದ್ದು. ಗಂಡು ಕೋಗಿಲೆ, ಅದಕ್ಕೇ ಕಪ್ಪು. ಹೆಣ್ಣಾದರೆ ಕಂದು ಮೈಯ ಮೇಲೆ ಚುಕ್ಕೆ ಇರುತ್ತಿತ್ತು. ಕೆಂಪು ಕಣ್ಣು ಒಂದು ಸ್ಟಿಕ್ಕರ್ ಬಿಂದಿ. ಹುಡುಗಿಯರು ಬಾಲದ ತುದಿಗೆ 'ಡಿಲೀಟ್' ಗುಂಡಿ ಹಾಕಿದ್ದಾರೆ, ಯಾಕೆಂದು ಹೇಳುತ್ತಿಲ್ಲ.

ಮಾವಿನ ಚಿಗುರಿಗೆ ಏನು ಹಾಕಬೇಕು ಎಂಬುದು ನನಗೆ ಮೊದಲೇ ಗೊತ್ತಿತ್ತು. ಎಳೆಯ ಮಾವಿನೆಲೆ ಹಸಿರಲ್ಲ, ತಾಮ್ರದ ಬಣ್ಣ. ಆ ಬಣ್ಣ, ಆ ಹೊಳಪು, ಬೆಳಕಿಗೆ ಹಿಡಿದರೆ ಕಾಣುವ ಆ ನರಗಳು ಎಲ್ಲವೂ ಈರುಳ್ಳಿ ಸಿಪ್ಪೆಯಲ್ಲಿವೆ. ಹದಿನಾಲ್ಕು ವರ್ಷದ ಹುಡುಗಿಯೊಬ್ಬಳು ಅದನ್ನು ಅಂದೇ ಕಂಡಿದ್ದಳು. ಥರ್ಮೋಕೋಲಿಗೆ ಗಿಳಿಹಸಿರು ಬಳಿದವನು ನಾನು.

ಮೂರನೆಯ ದಿನ ಸಂಜೆ ಅವಳು ಬಂದಳು. ನಾನು ಕರೆದಿರಲಿಲ್ಲ, ಕರೆಯಲು ಧೈರ್ಯವಿರಲಿಲ್ಲ. ಚಪ್ಪಲಿ ಬಾಗಿಲಲ್ಲಿ ಬಿಟ್ಟು ಬಂದು, ಚಿತ್ರದ ಎದುರು ಬಹಳ ಹೊತ್ತು ನಿಂತಳು. ಆಮೇಲೆ ಮುತ್ತುಗದ ಹೂಗಳನ್ನು ತೋರಿಸಿ, "ಇದನ್ನ ಯಾರು ಕತ್ತರಿಸಿದ್ದು? ನೇರ ಎಳೆಗೆ ಕತ್ತರಿಸಿದರೆ ಅಂಚು ಪಿಸಿಯಲ್ವಾ? ಕ್ರಾಸ್ ಪೀಸ್ ತೆಗೀಬೇಕು," ಎಂದಳು. ಬಟ್ಟೆಯನ್ನು ಓರೆಯಾಗಿ ಮಡಿಸಿ ಕತ್ತರಿಸಿದರೆ ಎಳೆ ಬಿಡುವುದಿಲ್ಲ, ಬೇಕಾದ ಹಾಗೆ ಬಳುಕುತ್ತದೆ. ಮಕ್ಕಳನ್ನು ಸುತ್ತ ಕೂರಿಸಿಕೊಂಡು ಹೇಳಿಕೊಟ್ಟಳು. ಹೂಗಳನ್ನೆಲ್ಲ ಕಿತ್ತು ಮತ್ತೆ ಮಾಡಿದೆವು. ರಾತ್ರಿ ಒಂಬತ್ತಾಯಿತು. ಮಾವಿನ ಮರದ ಬಗ್ಗೆ ಅವಳು ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಹೋಗುವಾಗ ಮಾತ್ರ ಒಂದು ಕಡೆ ಎದ್ದಿದ್ದ ಸಿಪ್ಪೆಯನ್ನು ಬೆರಳಲ್ಲಿ ಒತ್ತಿ ಕೂರಿಸಿದಳು.

ಮಕ್ಕಳೆ, ನಿಮಗೆ ಒಂದೆರಡು ಮಾತು. ಇದನ್ನು ಎಂಟನೆಯ ತರಗತಿಯ ಎದುರಿನ ಪಡಸಾಲೆಯಲ್ಲಿ ತೂಗುಹಾಕುತ್ತಾರಂತೆ. ಪಶ್ಚಿಮದ ಗೋಡೆ ಬೇಡ, ಸಂಜೆ ಬಿಸಿಲಿಗೆ ಲಗ್ನಪತ್ರಿಕೆಯ ಬಣ್ಣ ಬಿಳಿಚುತ್ತದೆ. ಮಳೆಗಾಲದಲ್ಲಿ ಗೋಡೆ ಒಸರುತ್ತದೆ, ಹಿಂದೆ ಎರಡು ಮರದ ಪಟ್ಟಿ ಕೊಟ್ಟು ಗಾಳಿಯಾಡಲು ಬಿಡಿ. ಈರುಳ್ಳಿ ಸಿಪ್ಪೆ ವರ್ಷಕ್ಕಿಂತ ಹೆಚ್ಚು ಬಾಳುವುದಿಲ್ಲ. ಪ್ರತಿ ಯುಗಾದಿಗೆ ಹಳೆಯದನ್ನು ಕೆರೆದು ಹೊಸದು ಅಂಟಿಸಬೇಕು. ಬಿಸಿಯೂಟದ ಅಡುಗೆಯ ಅಕ್ಕಂದಿರಿಗೆ ಹೇಳಿಟ್ಟಿದ್ದೇನೆ, ಫೆಬ್ರವರಿಯಿಂದಲೇ ಸಿಪ್ಪೆ ಎತ್ತಿಡುತ್ತಾರೆ.